ತಳದ ರಾಡಿ ಮತ್ತು ನನ್ನ ಚಸ್ಮಾ

ಕಳೆದ ಬೇಸಿಗೆಯಲ್ಲಿ ನಾನು ಭೋಜ ಎಂಬ ಹಳ್ಳಿಯ ನಮ್ಮ ತೋಟದ ಬಾವಿಗೆ ಸ್ವಿಮ್ಮಿಂಗ್ ಕೋಚ್ ಆಗಿದ್ದೆ. ನನಗೆ ಈಜು ಬಾರದೆಂಬುದು ಒಂದು ಸಣ್ಣ ಡೀಟೇಲ್.

ಈಜು ಬರುವುದು ನನ್ನ ಹಿರಿಯ ನೆಗೆಣ್ಣಿಗೆ, ಅಂದರೆ ಗಂಡನ ಅಣ್ಣನ ಹೆಂಡತಿಗೆ. ನಾನು ಅಕ್ಕ ಎನ್ನುತ್ತೇನೆ. ಅವಳು ಕಚ್ಚೆ ಬಿಗಿದು ಮುಳುಗಿದಳೆಂದರೆ ಬಿದ್ದ ಕೊಡ ಮೇಲೆ ಬಂದಂತೆಯೇ. ಕಲಿಸಿದವರು ನಮ್ಮ ಅತ್ತೆ. ಮುಷ್ಟಿಯಲ್ಲಿ ತಳದ ರಾಡಿ ತಂದು ತೋರಿಸಿದರೆ ಮಾತ್ರ ಪಾಸು. ಅತ್ತೆ ನನ್ನನ್ನೂ ಕರೆದಿದ್ದರು. ಕಾನ್ವೆಂಟಿನಲ್ಲಿ ಓದಿದವಳು ಬಾವಿಗೆ ಹಾರುವುದು ಡೀಸೆಂಟ್ ಅಲ್ಲವೆಂದು ಟವೆಲ್ ಹಿಡಿದು ಮೆಟ್ಟಿಲ ಮೇಲೆ ನಿಂತೆ. ಅಂದಿನಿಂದ ಅದೇ ಪೋಸ್ಟು, ಪ್ರಮೋಷನ್ ಇಲ್ಲ.

ಕಳೆದ ಬೇಸಿಗೆಯ ಹೊತ್ತಿಗೆ ಅಕ್ಕನ ಕಿವಿ ಕೆಟ್ಟಿತ್ತು, ಮುಳುಗಕೂಡದೆಂದು ಡಾಕ್ಟರರ ಅಪ್ಪಣೆ. ತಳ ಮುಟ್ಟುವ ಹೆಂಗಸು ಮನೆಯಲ್ಲಿ ಇನ್ನೊಬ್ಬಳಿರಲಿಲ್ಲ. ಕಲಿಯಲು ಒಪ್ಪಿದವಳು ಅಕ್ಕನ ಮೊಮ್ಮಗನ ಹೆಂಡತಿ ಮಾತ್ರ. ಅವಳೂ ಅರ್ಧ ಆಳಕ್ಕೆ ಹೋಗಿ ಹೆದರಿ ಮೇಲೆ ಬರುತ್ತಿದ್ದಳು.

ಇನ್‌ಸ್ಪಿರೇಷನ್ ಇರಲೆಂದು ನಾನು ಮೊಬೈಲಿನಲ್ಲಿ ಕೊರಿಯಾದ ವಿಡಿಯೋ ತೋರಿಸಿದೆ. ನಮ್ಮ ವಯಸ್ಸಿನ ಹೆಂಗಸರು ಬರಿಯ ಉಸಿರು ಕಟ್ಟಿ ಕಡಲೊಳಗೆ ಮುಳುಗಿ ಚಿಪ್ಪು ಆರಿಸುತ್ತಾರೆ, ಮೇಲೆ ಬಂದಾಗ ಸಿಳ್ಳೆ ಹಾಕಿದಂತೆ ಉಸಿರು ಬಿಡುತ್ತಾರೆ.

“ಅವರ ಸೊಸ್ತ್ಯಾರು ಕಲಿತಾರೇನ?” ಅಕ್ಕ ಕೇಳಿದಳು.

“ಭಾಳ ಕಡಿಮಿ ಅಂತ.”

“ಹಂಗಾರ ಅವರೂ ನಮ್ಮ ಮಂದೀನ.”

ಹುಡುಗಿ ನೀರಿಗಿಳಿದಳು. “ರಿಲ್ಯಾಕ್ಸ್! ಡೀಪ್ ಬ್ರೀದ್!” ಎಂದು ನಾನು ಕೂಗಿದೆ.

“ಸಣ್ಣಾಯಿ, ನೀವರ ಒಮ್ಮಿ ಇಳದ ತೋರಸ್ರಿ,” ಎಂದಳು ಅವಳು. ಅವಳಿಗೆ ನಾನು ಸಣ್ಣಜ್ಜಿ.

“ಅಕಿ ಇಳದ್ರ ಬಾವಿ ನೀರ ತುಳಕಿ ಕಬ್ಬಿಗೆ ಹೋಗತೈತಿ, ಬ್ಯಾಡ,” ಎಂದಳು ಅಕ್ಕ.

ಘನತೆಯಿಂದ ಉತ್ತರಿಸಲು ನಾನು ಬಾಗಿದೆ. ಮೂಗಿನ ಮೇಲಿದ್ದ ಚಸ್ಮಾ ಬುಳಕ್ ಎಂದು ನೀರು ಸೇರಿತು. ಹುಡುಗಿ ಬಿದ್ದು ಬಿದ್ದು ನಕ್ಕು, ಆ ನಗುವಿನಲ್ಲೇ ಹೆದರಿಕೆ ಮರೆತು ಮುಳುಗಿಬಿಟ್ಟಳು.

ನೀರು ಅಲುಗದಾಯಿತು. ಅಕ್ಕ ಸೆರಗು ಸಿಕ್ಕಿಸಿ ಎರಡು ಮೆಟ್ಟಿಲು ಇಳಿದದ್ದು ಮಸುಕಾಗಿ ಕಂಡಿತು. ನಾನೂ ಒಂದು ಮೆಟ್ಟಿಲು ಇಳಿದೆ, ಟವೆಲ್ ಹಿಡಿದುಕೊಂಡೇ.

ಆಮೇಲೆ ಸಿಳ್ಳೆಯಂಥ ಉಸಿರು. ಮೇಲೆತ್ತಿದ ಒಂದು ಕೈ.

“ಸಿಕ್ಕಿತೇನ ನನ್ನ ಚಸ್ಮಾ?”

ಅಕ್ಕ ಹುಡುಗಿಯ ಮುಷ್ಟಿ ಬಿಡಿಸಿ, ಒಳಗಿದ್ದುದನ್ನು ಮೂಸಿ ನೋಡಿದಳು.

“ತಳದ್ದ ಐತಿ,” ಎಂದಳು. ಅಲ್ಲೇ ಕುಳಿತಳು.

“ಚಸ್ಮಾ ನಾಳಿ ತರ್ತೀನ್ರಿ ಸಣ್ಣಾಯಿ. ಈಗ ಟವೆಲ್ ಕೊಡ್ರಿ.”

ಅಂದಾಜಿನ ಮೇಲೆ ಚಾಚಿದೆ. ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡವಳು ಅಕ್ಕ. ನೀರಿಗೇ ಇಳಿಯದವಳಿಗೆ ಟವೆಲ್ ಯಾಕೆ ಬೇಕಾಯಿತೋ, ಚಸ್ಮಾ ಇಲ್ಲದೆ ನನಗೆ ಕಾಣಲಿಲ್ಲ.