ಪಂಕಜಾಕ್ಷಿಯಕ್ಕನ ವಿಮಾನ

ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣದ ಕಡೆಯಿಂದ ಎದ್ದ ಗುರ್‌ಗುಟ್ಟುವ ಸದ್ದು ಖಡಕಿಯ ತಾರಸಿಗಳನ್ನು ದಾಟುವಾಗ ಹೋಟೆಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತವೆ. ಗಲ್ಲಾದಲ್ಲಿ ಕೂತ ಪಂಕಜಾಕ್ಷಿಯಕ್ಕ ತಲೆಯೆತ್ತದೆ ಹೇಳುತ್ತಾರೆ, "ಇದು ದೆಹಲಿಯದ್ದು. ಇವತ್ತು ತಡ."

ಮದುವೆಯಾಗಿ ಕುಂದಾಪುರದಿಂದ ಬಂದ ಅವರು ನಿಜವಾದ ವಿಮಾನ ಹತ್ತಿದವರೇ ಅಲ್ಲ. ಊರಿಗೆ ಹೋಗುವುದು ಬಸ್ಸಿನಲ್ಲಿ. ಆದರೆ ಊಟದ ಗದ್ದಲ ಮುಗಿದ ಮೇಲೆ, ಹೋಟೆಲಿನ ಮಾಳಿಗೆಯ ಮನೆಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಂಪ್ಯೂಟರಿನ ಮುಂದೆ ಕೂತು ವಿಮಾನ ಹಾರಿಸುತ್ತಾರೆ. ಅದೊಂದು ಆಟ. ಅದರೊಳಗಿನ ಗಾಳಿ, ಮೋಡ, ಇಂಧನಕ್ಕೆಲ್ಲ ಅಸಲಿಯಂತೆಯೇ ಲೆಕ್ಕ. ಅದನ್ನು ಆಡುವವರ ಸಂಘವೂ ಪುಣೆಯಲ್ಲುಂಟು. ಸಂಘದ ಪರೀಕ್ಷೆ ಪಾಸಾದವರಿಗೆ ಮಾತ್ರ ಕ್ಯಾಪ್ಟನ್ ಎಂಬ ಹೆಸರು. ಪಂಕಜಾಕ್ಷಿಯಕ್ಕನಿಗೆ ಅದು ಬೇಕಿತ್ತು. ಸಾಂಬಾರಿಗೆ ಉಪ್ಪು ಹಾಕುವಾಗಲೂ ಬೇಕಿತ್ತು.

ಪರೀಕ್ಷೆ ಬಂದದ್ದು ಆಯುಧಪೂಜೆಯ ಸಂಜೆಗೆ. ಮಂಗಳೂರಿನಿಂದ ಹಾರಿ ಪುಣೆಯಲ್ಲಿ ಇಳಿಯಬೇಕು. ಪರೀಕ್ಷಕ ಸ್ವಪ್ನಿಲ್ ತನ್ನ ಮನೆಯಿಂದಲೇ ನೋಡುತ್ತಾನೆ. ಮೋಡ ಬಂದಾಗ ಚಿತ್ರ ತುಸು ತಡವರಿಸುತ್ತಿತ್ತೆಂದು ಗಂಡ ಮೋಹನದಾಸರು ಹಬ್ಬದ ಉಡುಗೊರೆಯಾಗಿ ಕಂಪ್ಯೂಟರಿಗೆ ಹೊಸ ಮೆಮರಿ ಪಟ್ಟಿ ತಂದು, ಬೆಳಿಗ್ಗೆ ವಿಡಿಯೋ ನೋಡಿಕೊಂಡು ತಾವೇ ಕೂರಿಸಿದ್ದರು.

ಮಧ್ಯಾಹ್ನ ಪಂಕಜಾಕ್ಷಿಯಕ್ಕ ಹಾರಿಸಿ ನೋಡಿದರು. ವಿಮಾನ ಕುಂಟಿತು. ಒಂದು ಚಿತ್ರ, ಒಂದು ನಿಟ್ಟುಸಿರು, ಆಮೇಲೆ ಇನ್ನೊಂದು ಚಿತ್ರ.

"ಎಂತ ಮಾರಾಯ್ರೆ, ಇದು ವಿಮಾನವಾ, ಇಂದಾಪುರದ ಎಸ್ಟಿ ಬಸ್ಸಾ?"

"ಅಂಗಡಿಯವ ಒಳ್ಳೇದೇ ಕೊಟ್ಟದ್ದು," ಎಂದರು ಮೋಹನದಾಸರು.

"ಮೊದಲು ಮೋಡದಲ್ಲಿ ಮಾತ್ರ ತಡವರಿಸ್ತಿತ್ತು. ಈಗ ನೆಲ ಬಿಡ್ಲಿಕ್ಕೇ ಒಪ್ಪುದಿಲ್ಲ!"

ಪಕ್ಕದ ಬಾಡಿಗೆ ಮನೆಯಲ್ಲಿರುವ, ಐಟಿ ಕೆಲಸದ ಮಂಡ್ಯದ ಹುಡುಗಿ ಶಾಲಿನಿಯನ್ನು ಕೂಗಿದರು. ಅವಳು ಕೈಯಲ್ಲಿ ಒಬ್ಬಟ್ಟು ಹಿಡಿದೇ ಬಂದಳು. ಮೊದಲು ಕಂಪ್ಯೂಟರಿನ ತೆರೆಯ ಮೇಲಿನ ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿ, ಯಂತ್ರವನ್ನು ಮತ್ತೆ ಶುರುಮಾಡಿದಳು. ಅಷ್ಟೇ ನಿಧಾನ.

"ಮೆಮರಿ ಪೂರ್ತಿ ತೋರಿಸ್ತಿದೆ ಆಂಟಿ. ಅರ್ಧಕ್ಕಿಂತ ಜಾಸ್ತಿ ಖಾಲಿನೇ ಇದೆ. ಅದ್ರದ್ದೇನೂ ತಪ್ಪಿಲ್ಲ."

ಮೋಹನದಾಸರ ಎದೆ ಉಬ್ಬಿತು.

"ಪ್ರೊಸೆಸರ್ ಫುಲ್ ಸ್ಲೋ ಆಗ್ಬಿಟ್ಟಿದೆ. ತುಂಬಾ ಬಿಸಿ ಆದ್ರೆ ಅದು ಹೀಗೇ, ಸುಟ್ಟು ಹೋಗಬಾರ್ದು ಅಂತ ತಾನೇ ವೇಗ ಕಮ್ಮಿ ಮಾಡ್ಕೊಳ್ಳುತ್ತೆ." ಪೆಟ್ಟಿಗೆ ಮುಟ್ಟಿದವಳು ಕೈ ಹಿಂದೆಗೆದಳು. "ಅಯ್ಯೋ, ಇದ್ರ ಮೇಲೆ ದೋಸೆ ಹುಯ್ಯಬಹುದು! ಮತ್ತೆ ಇದೇನು ಅಂಕಲ್, ಹೂವಿನ ವಾಸನೆ?"

ಮೋಹನದಾಸರು ಫ್ಯಾನ್ ಕಡೆ ನೋಡಿದರು. ಛಾವಣಿಯ ಫ್ಯಾನ್ ಕಡೆ.

ಕರೆಂಟು ಆರಿಸಿ ಪಕ್ಕದ ತಗಡು ಬಿಚ್ಚಿದರೆ, ಒಳಗೆ ಹೊಸ ಮೆಮರಿಯ ನೆತ್ತಿಯ ಮೇಲೆ ಕುಂಕುಮದ ಚುಕ್ಕೆ. ಅದಕ್ಕೆ ಹಾಕಿದ್ದ ಚೆಂಡುಹೂವಿನ ಪುಟ್ಟ ಮಾಲೆ ಜಾರಿ ಬಿದ್ದು, ನೂಲೆಲ್ಲ ಪ್ರೊಸೆಸರಿನ ಫ್ಯಾನಿಗೆ ಸುತ್ತಿಕೊಂಡು, ಫ್ಯಾನ್ ಗಪ್ಪನೆ ನಿಂತಿತ್ತು. ಎಸಳುಗಳು ಹಪ್ಪಳವಾಗಿದ್ದವು.

"ಮಿಕ್ಸಿಗೆ ಹಾಕಿದೆ, ಗ್ರೈಂಡರಿಗೆ ಹಾಕಿದೆ," ಎಂದರು ಮೋಹನದಾಸರು. "ಹೊಸ ಸಾಮಾನಿಗೆ ಹಾಕದಿದ್ರೆ ಹೇಗೆ?"

"ಪೆಟ್ಟಿಗೆಯ ಹೊರಗೆ ಹಾಕ್ಲಿಕ್ಕೆ ಆಗ್ತಿರ್ಲಿಲ್ವಾ?"

"ಆಯುಧ ಒಳಗೆ ಅಲ್ವಾ ಇರುದು?"

ಸಿಟ್ಟಾಗಲು ಬಾಯಿ ತೆರೆದ ಪಂಕಜಾಕ್ಷಿಯಕ್ಕನಿಗೆ ನಗು ನುಗ್ಗಿ ಬಂತು. ಮಂಚದ ಅಂಚಿಗೆ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಅಷ್ಟರಲ್ಲಿ ಅವರನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವ ಸ್ವಪ್ನಿಲ್‌ನ ಫೋನು. "ಕಾಕೂ, ರೆಡಿ ಕಾ?"

"ಹೋ, ಹೋ, ಆಲೇಚ್!" ಬಂದೇ ಬಿಟ್ಟೆ ಎಂದು ಮರಾಠಿಯಲ್ಲಿ ಹೇಳಿದರು ಪಂಕಜಾಕ್ಷಿಯಕ್ಕ. ಶಾಲಿನಿ ಹುಬ್ಬು ಕೀಳುವ ಚಿಮಟದಿಂದ ನೂಲು ಎಳೆಯುತ್ತಿದ್ದಳು. ಕೊನೆಯ ಎಳೆ ಬಂತು. ಸ್ವಿಚ್ ಹಾಕಿದೊಡನೆ ಫ್ಯಾನ್ ಗಿರ್ರನೆ ತಿರುಗಿ, ಮೂವರ ಮುಖಕ್ಕೂ ಎಸಳಿನ ಪುಡಿ ತೂರಿತು.

ವಿಮಾನ ಬೆಣ್ಣೆಯಲ್ಲಿ ಜಾರಿದಂತೆ ಎದ್ದಿತು. ಕೆಳಗೆ ಕಡಲು, ಆಮೇಲೆ ಘಟ್ಟ, ಆಮೇಲೆ ಬಿಳಿ ಮೋಡದ ಗುಡ್ಡೆಗಳು. ಒಂದೂ ತಡವರಿಸಲಿಲ್ಲ. ಹಿಂದಿನ ಕುರ್ಚಿಯಲ್ಲಿ ಮೋಹನದಾಸರು ಪ್ರಯಾಣಿಕರಂತೆ ಪೆಪ್ಪರ್‌ಮಿಂಟ್ ಚೀಪುತ್ತ ಕೂತಿದ್ದರು. ಪುಣೆಯ ರನ್‌ವೇ ಕಂಡಾಗ ಪಂಕಜಾಕ್ಷಿಯಕ್ಕನ ಕಾಲ್ಬೆರಳುಗಳು ನೆಲವನ್ನು ಒತ್ತಿ ಹಿಡಿದವು. ಗಾಲಿ ನೆಲ ಮುಟ್ಟಿತು, ಒಂದು ಚಿಮ್ಮು ಚಿಮ್ಮಿತು, ಮತ್ತೆ ಮುಟ್ಟಿ ಅಂಟಿಕೊಂಡಿತು.

ಸ್ವಪ್ನಿಲ್ ಕಾಕೂ ಎನ್ನಲಿಲ್ಲ. "ಕ್ಯಾಪ್ಟನ್ ಪಂಕಜಾಕ್ಷಿ," ಎಂದ.

ಅವರು ಎದ್ದರು. ಹೆಡ್‌ಫೋನು ಕುತ್ತಿಗೆಯಲ್ಲೇ ಇತ್ತು. ಕೆಳಗೆ ಚಹಾದ ಗಿರಾಕಿಗಳು ತುಂಬಿದ್ದರು. ಮೆಟ್ಟಿಲಿಳಿಯುತ್ತ ದನಿ ಎತ್ತರಿಸಿದರು, "ಪ್ರಯಾಣಿಕರೇ, ನಾವೀಗ ಪುಣೆಯಲ್ಲಿ ಇಳಿದಿದ್ದೇವೆ. ಹೊರಗೆ ಹವೆ ಒಳ್ಳೇದುಂಟು. ಕ್ಯಾಪ್ಟನ್ ಕಡೆಯಿಂದ ಎಲ್ಲರಿಗೂ ಒಂದೊಂದು ಬಿಸಿ ಬನ್ಸ್, ಮೋಹನದಾಸರಿಗೆ ಮಾತ್ರ ಎರಡು. ಆದ್ರೆ ಅದಕ್ಕೆ ಹೂ ಹಾಕ್ಲಿಕ್ಕಿಲ್ಲ!"