ಮಾವನವರಿಗೆ ಕೇಳಿಸಿದ ಗಂಟೆ

“ಅಯಿಪೋಯಿಂದಿ” ಎಂಬ ಮಾತು ಒಳಗಿನಿಂದ ಕೇಳಿಸಿದಾಗ ನಾನು ಹಿತ್ತಲಿನಲ್ಲಿ ಮಾವನವರ ಹೊದಿಕೆ ಹಿಂಡುತ್ತಿದ್ದೆ. ಪಾರ್ಶ್ವವಾಯು ಬಡಿದ ಮೇಲೆ ಅವರ ಬಾಯಿಂದ ಮಾತೇ ಹೊರಟಿರಲಿಲ್ಲ. ಮನೆಯಲ್ಲಿದ್ದವರು ನಾವಿಬ್ಬರೇ. ನಮ್ಮ ಗೌನಿಪಲ್ಲಿ ಕಡೆ ಕನ್ನಡ ಎಷ್ಟೋ ತೆಲುಗೂ ಅಷ್ಟೇ. ಮುಗಿದುಹೋಯಿತು ಎನ್ನುವ ಆ ತೆಲುಗು ಮಾತು ಕೇಳಿ, ಅವರು ತಮ್ಮ ಜೀವದ ಬಗ್ಗೆಯೇ ಹೇಳುತ್ತಿದ್ದಾರೆಂದುಕೊಂಡೆ. ಒದ್ದೆ ಕೈಯಲ್ಲೇ ಓಡಿದೆ.

ಮಾವನವರಿಗೆ ಏನೂ ಆಗಿರಲಿಲ್ಲ. ಸ್ವಾಧೀನವಿದ್ದ ಕೈಯಿಂದ ಕಿಟಕಿಯ ಬಳಿಯಿದ್ದ ನನ್ನ ಲ್ಯಾಪ್‌ಟಾಪ್ ತೋರಿಸುತ್ತಿದ್ದರು.

ಮನೆಯಿಂದಲೇ ಕಂಪನಿಯೊಂದರ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ಕಪ್ಪು ಪರದೆಯ ಮೇಲೆ ಒಂದು ಕಮಾಂಡ್ ಕೊಟ್ಟರೆ ಅದು ಮುಗಿಯಲು ಬಹಳ ಹೊತ್ತು ಹಿಡಿಯುತ್ತದೆ. ಅಡುಗೆ, ಆರೈಕೆಯ ನಡುವೆ ಅದನ್ನೇ ನೋಡುತ್ತ ಕೂರಲಾಗದೆ, ಕೆಲಸ ಮುಗಿದರೆ ಗಂಟೆಯ ನಾದ, ಕೆಟ್ಟರೆ ಕರ್ಕಶ ಸದ್ದು ಬರುವಂತೆ ಮಾಡಿಕೊಂಡಿದ್ದೆ. ಅಂದು ಬೆಳಿಗ್ಗೆಯಿಂದ ಬರೀ ಕರ್ಕಶ ಸದ್ದೇ. ಪ್ರತಿ ಸಲವೂ ಮೊದಲಿನಿಂದ ಶುರು ಮಾಡಿ ಸೋತುಹೋಗಿದ್ದೆ. ಸಂಜೆಯೊಳಗೆ ಮುಗಿಯದಿದ್ದರೆ ಆ ಕೆಲಸ ಬೇರೆಯವರ ಪಾಲಾಗುತ್ತಿತ್ತು.

“ಗಂಟೆ ಹೊಡೀತು... ಕಣಮ್ಮಾ,” ಎಂದರು ಮಾವ, ತೊದಲುತ್ತ.

ಪರದೆ ನೋಡಿದೆ. ಕೆಲಸ ನಿಜವಾಗಿಯೂ ಮುಗಿದಿತ್ತು. ಏನೂ ತಿಳಿಯದೆ ಮಲಗಿದ್ದಾರೆಂದು ನಾವೆಲ್ಲ ಅಂದುಕೊಂಡಿದ್ದವರು ಎರಡು ಸದ್ದುಗಳ ಅರ್ಥವನ್ನೂ ಹಿಡಿದುಬಿಟ್ಟಿದ್ದರು. ನಾನು ಮಂಚದ ಪಕ್ಕ ನೆಲದ ಮೇಲೆ ಕುಳಿತುಬಿಟ್ಟೆ.

ನನ್ನ ದಣಿವೇನೂ ಕಡಿಮೆಯಾಗಿಲ್ಲ, ಅವರ ಮಾತೂ ಪೂರ್ತಿ ಮರಳಿಲ್ಲ. ಆದರೆ ಈಗ ಕಮಾಂಡ್ ಕೊಟ್ಟ ಮೇಲೆ, “ಇದರ ಕಡೆ ಸ್ವಲ್ಪ ಕಿವಿ ಇಟ್ಟಿರಿ ಮಾವ, ಬಟ್ಟೆ ಒಗೆದು ಬರ್ತೀನಿ,” ಎಂದು ಹೇಳಿಯೇ ಹಿತ್ತಲಿಗೆ ಹೋಗುತ್ತೇನೆ.