ಅಡುಗೆಮನೆಗೆ ಬರುತ್ತಿದ್ದ ಕಡಲು

ಸುರಪುರದ ಆ ಬಾಲಕಿಯರ ವಸತಿ ನಿಲಯದಲ್ಲಿ ಮಧ್ಯಾಹ್ನವೆಂದರೆ ಯಾರಿಗೂ ಸೇರದ ಹೊತ್ತು. ಹುಡುಗಿಯರು ಶಾಲೆಗೆ ಹೋಗಿರುತ್ತಾರೆ. ಒಗೆದು ಹಾಕಿದ ನೀಲಿ ಲಂಗಗಳು ಅಂಗಳದ ತಂತಿಯ ಮೇಲೆ ಮೆಲ್ಲಗೆ ಅಲುಗುತ್ತಿರುತ್ತವೆ. ಅಡುಗೆಯ ಸುಂದ್ರಮ್ಮ ರಾತ್ರಿಯ ಸಾರಿಗೆ ಬೇಳೆ ಆರಿಸಿಟ್ಟು, ಊಟದ ಕೋಣೆಯ ತಣ್ಣನೆಯ ಶಹಾಬಾದ್ ಕಲ್ಲಿನ ಮೇಲೆ ಸೆರಗು ಹಾಸಿ ಅಡ್ಡಾಗುತ್ತಿದ್ದದ್ದು ಆ ಹೊತ್ತಿನಲ್ಲೇ. ಮಲಗಿಕೊಂಡೇ ಕಿಟಕಿಯ ಕಟ್ಟೆಯ ಮೇಲಿದ್ದ ಮಾತಾಡುವ ಡಬ್ಬಿಯ ಹೆಸರು ಕರೆದು, "ದರ್ಯಾ ಕೀ ಆವಾಜ್ ಸುನಾವ್" ಅನ್ನುತ್ತಿದ್ದಳು. ಡಬ್ಬಿಯ ತಲೆಯ ಮೇಲೆ ನೀಲಿ ಬೆಳಕಿನ ಬಳೆಯೊಂದು ತಿರುಗಿ, ಒಂದು ಉಸಿರಿನಷ್ಟು ಸುಮ್ಮನಿದ್ದು, ಆಮೇಲೆ ಕಡಲು ಬರುತ್ತಿತ್ತು.

ಸುಂದ್ರಮ್ಮ ಕಡಲು ಕಂಡವಳಲ್ಲ. ಆಕೆ ಕಂಡ ದೊಡ್ಡ ನೀರೆಂದರೆ ನಾರಾಯಣಪುರದ ಡ್ಯಾಮಿನದು. ಮದುವೆಯಾದ ಹೊಸತರಲ್ಲಿ ಗಂಡ ಅಂಬ್ರಪ್ಪ ಗೇಟು ಬಿಟ್ಟ ದಿನ ಕರೆದುಕೊಂಡು ಹೋಗಿ ತೋರಿಸಿದ್ದ. ನೀರಿನ ಹೊಗೆ ಮುಖಕ್ಕೆ ಬಡಿದು, ಮಾತಾಡಿದ್ದು ಒಬ್ಬರದು ಇನ್ನೊಬ್ಬರಿಗೆ ಕೇಳಿಸದೆ, ಇಬ್ಬರೂ ಸುಮ್ಮನೆ ನಗುತ್ತ ನಿಂತಿದ್ದರು. ಅಂಬ್ರಪ್ಪ ಈಗ ಮಾರುಕಟ್ಟೆಯಲ್ಲಿ ಹಮಾಲಿ. ಮನೆಗೆ ಬಂದರೆ ಮಾತಿಗಿಂತ ನಿದ್ದೆಯೇ ಹೆಚ್ಚು. ಆ ನೀರಿನ ಸದ್ದು ಮಾತ್ರ ಸುಂದ್ರಮ್ಮನ ಎದೆಯೊಳಗೆ ಎಲ್ಲೋ ಉಳಿದುಬಿಟ್ಟಿತ್ತು.

ಡಬ್ಬಿಯನ್ನು ತಂದವರು ವಾರ್ಡನ್ ಬಸವೇಶ್ವರಿ. ಹುಡುಗಿಯರ ಕಿವಿಗೆ ಇಂಗ್ಲಿಷ್ ಬೀಳಲಿ ಎಂದು ತಮ್ಮ ಸಂಬಳದಲ್ಲಿ ಕೊಂಡು, ವೈಫೈ ಚೆನ್ನಾಗಿ ಸಿಗುವ ಜಾಗವೆಂದು ಊಟದ ಕೋಣೆಯಲ್ಲಿಟ್ಟಿದ್ದರು. ಮೊದಮೊದಲು ಹುಡುಗಿಯರು ಸುತ್ತ ಮುತ್ತಿಗೆ ಹಾಕಿ ತಮ್ಮ ಪಾಠದ ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ಅದು ಪ್ರತಿ ಸಲ ತಿಳಿಯಲಿಲ್ಲ ಅನ್ನುತ್ತಿತ್ತು. ಕನ್ನಡವಂತೂ ಅದಕ್ಕೆ ಬಾರದು. ಹುಡುಗಿಯರು ಬೇಸತ್ತು ಕೈಬಿಟ್ಟಿದ್ದಾಗ ಒಂದು ಸಂಜೆ ಸುಂದ್ರಮ್ಮ ರೊಟ್ಟಿ ಬಡಿಯುತ್ತಲೇ ಒಳಗಿನಿಂದ ಕೂಗಿ ಕೇಳಿದಳು: "ಕಲ್ ಪಾನಿ ಪಡತಾ ಕ್ಯಾ?"

ಡಬ್ಬಿ ಚೊಕ್ಕ ಹಿಂದಿಯಲ್ಲಿ, ನಾಳೆ ಸುರಪುರದಲ್ಲಿ ಮಳೆಯ ಲಕ್ಷಣವಿಲ್ಲ ಎಂದಿತು.

ಹುಡುಗಿಯರು ಹೋ ಎಂದು ಕುಣಿದರು. ಸುಂದ್ರಮ್ಮ ಹುಟ್ಟಿ ಬೆಳೆದದ್ದು ರಂಗಂಪೇಟೆಯ ಓಣಿಯಲ್ಲಿ. ಅತ್ತ ನಾಲ್ಕು ಮನೆ, ಇತ್ತ ನಾಲ್ಕು ಮನೆ, ಎಲ್ಲ ದಖ್ಖನಿ ಮಾತಿನವರವು. ಅವರ ಮಕ್ಕಳ ಜೊತೆ ಆಡುತ್ತ ಬಂದ ಆ ಮಾತು ಆಕೆಗೆ ಕಲಿತದ್ದೆಂದೇ ಅನ್ನಿಸುತ್ತಿರಲಿಲ್ಲ. ಅಂದಿನಿಂದ ಹುಡುಗಿಯರು ಏನು ಕೇಳಬೇಕಾದರೂ ಆಕೆಯ ಹತ್ತಿರ ಬರುತ್ತಿದ್ದರು. "ಆಯಿ, ಆನಿ ಎಷ್ಟು ನೀರು ಕುಡೀತದ ಅಂತ ಕೇಳು." "ಆಯಿ, ಚಂದ್ರನ ಮ್ಯಾಲ ಈಗ ರಾತ್ರ್ಯೋ ಹಗಲೋ ಕೇಳು." ಆಕೆ ಕೇಳುತ್ತಿದ್ದಳು, ಅದು ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದಳು, ನಡುವೆ ತನ್ನದೂ ಒಂದು ಮಾತು ಸೇರಿಸುತ್ತಿದ್ದಳು.

ಕಡಲು ಬಂದದ್ದು ಹೀಗೆಯೇ, ಕೇಳದೆ. ಒಂದು ಮಧ್ಯಾಹ್ನ ಆಕೆಗೆ ಹೊಳೆಯ ಸದ್ದು ಬೇಕೆನ್ನಿಸಿತು. ಹೊಳೆಗೆ ಆಕೆ ಬಲ್ಲ ಪದ ದರ್ಯಾ. ಡಬ್ಬಿ ಅದನ್ನು ತನಗೆ ತೋಚಿದಂತೆ ತಿಳಿದುಕೊಂಡು ತೆರೆಗಳ ಸದ್ದು ಕೇಳಿಸಿತು. ಇದು ಕೃಷ್ಣೆಯಲ್ಲ ಎಂದು ಸುಂದ್ರಮ್ಮನಿಗೆ ಕೂಡಲೇ ಗೊತ್ತಾಯಿತು. ಹೊಳೆ ಒಂದೇ ಸಮನೆ ಹೋಗುತ್ತದೆ. ಇದು ಬರುತ್ತಿತ್ತು, ನಿಲ್ಲುತ್ತಿತ್ತು, ಏನೋ ಮರೆತವರಂತೆ ಹಿಂದಕ್ಕೆ ಹೋಗುತ್ತಿತ್ತು. "ಯೇ ಕ್ಯಾ ಹೈ?" ಅಂದಳು. ಸಮುದ್ರದ ಅಲೆಗಳು ಅಂದಿತು ಡಬ್ಬಿ. ಆಕೆ ತಪ್ಪು ತಿದ್ದಲು ಹೋಗಲಿಲ್ಲ.

ಆಮೇಲೆ ದಿನವೂ. ಅರೆನಿದ್ದೆಯಲ್ಲಿ ಶಹಾಬಾದ್ ಕಲ್ಲುಗಳು ಒದ್ದೆಯಾಗುತ್ತಿದ್ದವು. ಗೋಡೆಗೆ ಒರಗಿಸಿಟ್ಟ ಸ್ಟೀಲಿನ ತಾಟುಗಳು ಮೀನುಗಳಂತೆ ಮಿನುಗುತ್ತಿದ್ದವು. ನೀರು ಕೋಟೆಯ ಗುಡ್ಡ ಸುತ್ತಿಕೊಂಡು, ಬಜಾರಿನೊಳಗೆ ಬಂದು, ಅಂಗಡಿ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿ ಹಾಸ್ಟೆಲ್ಲಿನ ಬಾಗಿಲಿಗೆ ಬರುತ್ತಿತ್ತು. ಯಾರೂ ಓಡುತ್ತಿರಲಿಲ್ಲ. ಅಂಬ್ರಪ್ಪ ಹೆಗಲ ಮೇಲೆ ತೊಗರಿಯ ಚೀಲ ಹೊತ್ತು ಮೊಣಕಾಲ ಮಟ್ಟದ ನೀರಿನಲ್ಲಿ ನಡೆದು ಬಂದು, ಭಾರ ಇಲ್ಲವೇ ಇಲ್ಲ ಎನ್ನುವಂತೆ ನಗುತ್ತಿದ್ದ. ಎಚ್ಚರವಾದಾಗ ಸುಂದ್ರಮ್ಮನ ಕೈಕಾಲು ಹಗುರಾಗಿರುತ್ತಿದ್ದವು. ಎದ್ದು ಹಿಟ್ಟು ನಾದಲು ಕೂರುತ್ತಿದ್ದಳು.

ಜೊತೆಗೆ ಅಡುಗೆ ಮಾಡುತ್ತಿದ್ದವಳು ರತ್ನಾಬಾಯಿ, ಹತ್ತಿರದ ತಾಂಡಾದ ಹೆಂಗಸು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಹ್ಞೂಂ, ಉಹ್ಞೂಂ ಅಷ್ಟೇ. ಮಧ್ಯಾಹ್ನ ಆಕೆ ಹೊರಗೆ ಬೇವಿನ ಗಿಡದ ಕೆಳಗೆ ಕೂರುತ್ತಿದ್ದಳೇ ಹೊರತು ಒಳಗೆ ಬರುತ್ತಿರಲಿಲ್ಲ. ಅದು ಆಕೆಯ ಗುಣ ಎಂದು ಸುಂದ್ರಮ್ಮ ತಿಳಿದಿದ್ದಳು.

ಹೀಗೆ ಕೆಲವು ವರ್ಷ ಹೋದವು. ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬಸವೇಶ್ವರಿ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ಸುಂದ್ರಮ್ಮ, ನಿಮ್ಮ ಡಬ್ಬಿ ಸುದ್ದಿ ಬಂದದ ನೋಡ್ರಿ. ಈ ಮಾಡೆಲ್ಲಿಗೆ ಇನ್ಮ್ಯಾಲ ಕಂಪನಿಯವ್ರು ಅಪ್‌ಡೇಟ್ ಕೊಡಂಗಿಲ್ಲಂತ."

"ಕೆಟ್ಟದೇನ್ರಿ ಮೇಡಂ? ನಿನ್ನಿ ಚಲೋ ಇತ್ತಲ್ಲ."

"ಕೆಟ್ಟಿಲ್ಲ. ಅವ್ರು ಕೈ ಬಿಟ್ಟಾರ."

"ಕೆಡಲಾರದ ಸಾಮಾನ ಹೆಂಗ ಕೈ ಬಿಡ್ತಾರ್ರಿ?" ಸುಂದ್ರಮ್ಮನಿಗೆ ನಿಜವಾಗಿಯೂ ತಿಳಿಯಲಿಲ್ಲ. ಒಲೆಯ ಮೇಲಿದ್ದ ಕುಕ್ಕರು ತೋರಿಸಿದಳು. "ಇದರ ಕಂಪನಿ ಅದನೋ ಇಲ್ಲೋ ದೇವರಿಗೇ ಗೊತ್ತು. ರಬ್ಬರ್ ಹೋದ್ರ ಬಜಾರದಾಗ ಸಿಗ್ತದ, ಹಾಕ್ತೀನಿ, ಕೂಗ್ತದ."

ಬಸವೇಶ್ವರಿ ಫೋನು ಕೆಳಗಿಟ್ಟರು. "ಇದರ ರಬ್ಬರ್ ಬಜಾರದಾಗ ಸಿಗಂಗಿಲ್ರಿ. ಇದು ತಾನಾಗಿ ಏನೂ ತಿಳಕೊಳ್ಳಂಗಿಲ್ಲ. ನೀವು ಕೇಳಿದ್ದು ಎಲ್ಲೋ ದೂರ ಹೋಗಿ, ಅಲ್ಲಿಂದ ಜವಾಬು ಬರ್ತದ. ಆ ಕಡಿಯವ್ರೇ ನೋಡಿಕೊಳ್ಳಬೇಕು."

ಅಂದು ಸುಂದ್ರಮ್ಮನಿಗೆ ಸ್ವಲ್ಪ ನಾಚಿಕೆಯಾಯಿತು. ಇಷ್ಟು ವರ್ಷ ತನ್ನ ಓಣಿಯ ಮಾತು ಕಿಟಕಿಯವರೆಗೆ ಹೋಗುತ್ತದೆ ಎಂದುಕೊಂಡಿದ್ದಳು. ಅದು ಎಲ್ಲೆಲ್ಲಿಗೆ ಹೋಗಿ ಬರುತ್ತಿತ್ತೋ! ಹಿಟ್ಟಿನ ಕೈಯಲ್ಲಿ, ತಲೆಗೂದಲು ಕೆದರಿಕೊಂಡು, ದೊಡ್ಡ ಊರೊಂದರ ಬಾಗಿಲಲ್ಲಿ ನಿಂತ ಹಾಗೆನ್ನಿಸಿತು.

ರಾತ್ರಿಯ ಊಟಕ್ಕೆ ಕೂತ ಹುಡುಗಿಯರಲ್ಲಿ ಇದೇ ಮಾತು. ನಮ್ಮ ಮನೆಯ ಫ್ಯಾನು ನನಗಿಂತ ಹಿರಿಯದು ಅಂದಳೊಬ್ಬಳು. ಫ್ಯಾನು ಯಾರನ್ನೂ ಕೇಳದೆ ತಿರುಗುತ್ತದೆ, ಅದಕ್ಕೇ ಬಾಳುತ್ತದೆ ಅಂದಳು ಇನ್ನೊಬ್ಬಳು. ಹತ್ತನೆಯ ತರಗತಿಯ ಮೌನೇಶ್ವರಿ ಸಿಟ್ಟಾಗಿದ್ದಳು. "ಎಷ್ಟು ವರ್ಷ ನೋಡ್ಕೋತೀವಿ ಅಂತ ಮೊದಲಽ ಹೇಳಬೇಕಿಲ್ಲೇನು?"

ಸಾರು ಬಡಿಸುತ್ತಿದ್ದ ಸುಂದ್ರಮ್ಮ ನಿಂತಳು. "ಹಾಲಿನ ಪ್ಯಾಕೆಟ್ ಮ್ಯಾಲ ತಾರೀಕು ಹಾಕ್ತಾರ. ಒಂದು ದಿನದ ಹಾಲಿಗೆ ಹಾಕ್ತಾರ. ಇದರ ಮ್ಯಾಲ ಯಾಕ ಹಾಕ್ಲಿಲ್ಲ?"

ಬಸವೇಶ್ವರಿ ಆ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ಕಂಪನಿಗೆ ಬರೆದರು. ಎರಡೇ ನಿಮಿಷದಲ್ಲಿ ಉತ್ತರ ಬಂತು: ನಿಮ್ಮ ಅನಿಸಿಕೆ ನಮಗೆ ಅಮೂಲ್ಯ, ಹೊಸ ಮಾಡೆಲ್ ಕೊಂಡರೆ ರಿಯಾಯಿತಿ ಉಂಟು. ಹೊಸದು ಎಷ್ಟು ವರ್ಷ ಎಂದು ಮತ್ತೆ ಕೇಳಿದರು. ಅದಕ್ಕೂ ಅದೇ ಉತ್ತರ ಬಂತು.

ಆದರೆ ಡಬ್ಬಿ ನಿಂತಿರಲಿಲ್ಲ. ಮಧ್ಯಾಹ್ನ ಕರೆದರೆ ನೀಲಿ ಬಳೆ ತಿರುಗುತ್ತಿತ್ತು, ಕಡಲು ಬರುತ್ತಿತ್ತು. ಇದ್ದಷ್ಟು ದಿನ ಇರಲಿ ಎಂದು ಸುಂದ್ರಮ್ಮ ಸಮಾಧಾನ ಮಾಡಿಕೊಂಡಳು. ಹಾಸ್ಟೆಲ್ಲಿನ ವೈಫೈ ನೋಡಲು ಬಂದ ಸೊಹೇಲನ ಮಾತು ಕೇಳಿದ ಮೇಲೆ ಆ ಸಮಾಧಾನವೂ ಹೋಯಿತು. ಸೊಹೇಲ್ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟವನು. ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಖಾಲಾ, ಸಾಮಾನ ಗಟ್ಟಿ ಅದ. ಇನ್ನ ಭಾಳ ವರ್ಷ ಹಾಡ್ತದ. ಆದ್ರ ಒಂದ್ ಮಾತು. ಕಳ್ಳರು ಹೊಸಾ ಹೊಸಾ ಕಳ್ಳಗೀಲಿ ಮಾಡ್ಕೋತ ಇರ್ತಾರ. ಕಂಪನಿಯವ್ರು ಅದಕ್ಕ ಸರಿಯಾಗಿ ಕೀಲಿ ಬದಲಿ ಮಾಡ್ಕೋತ ಬರ್ತಿದ್ರು. ಈಗ ಅದು ನಿಂತದ."

"ಅಂದ್ರ?"

"ಯಾರರ ಹೊಕ್ಕೊಂಡು ಇಲ್ಲಿ ಮಾತು ಕೇಳಬಹುದು. ಕೇಳೇ ಕೇಳ್ತಾರ ಅಂತ ನಾ ಹೇಳಂಗಿಲ್ಲ. ಆದ್ರ ನನ್ನ ತಂಗಿ ಇರೋ ಮನ್ಯಾಗ ನಾ ಇಡಂಗಿಲ್ಲ."

ಬಸವೇಶ್ವರಿ ಸುಂದ್ರಮ್ಮನ ಮುಖ ನೋಡಿದರು. "ತೆಗೀಬೇಕು ಅನ್ನಸ್ತದ. ಆದ್ರ ನಿಮಗ ಬ್ಯಾಸರ ಆಗ್ತದಂತ..."

"ಇವತ್ತೊಂದ್ ದಿನ ಇರ್ಲಿರಿ ಮೇಡಂ," ಅಂದಳು ಸುಂದ್ರಮ್ಮ.

ಆ ಮಧ್ಯಾಹ್ನ ಆಕೆ ಮಲಗಲಿಲ್ಲ. ಡಬ್ಬಿಯನ್ನು ಕರೆಯಲೂ ಇಲ್ಲ. ಊಟದ ಕೋಣೆಯಲ್ಲಿ ಹುಡುಗಿಯರು ಆಡುವ ಮಾತುಗಳು ಒಂದೊಂದಾಗಿ ನೆನಪಿಗೆ ಬಂದವು. ಮನೆಯಲ್ಲಿ ಅಪ್ಪ ಕುಡಿದು ಬಂದದ್ದು, ತಿಂಗಳ ಹೊಟ್ಟೆನೋವು, ಯಾರಿಗೂ ಹೇಳಬೇಡ ಎಂದು ಕಿವಿಯಲ್ಲಿ ಹೇಳಿಕೊಂಡದ್ದು. ಎಲ್ಲವೂ ಆ ಕಿಟಕಿಯ ಪಕ್ಕದಲ್ಲೇ. ಹೊರಗೆ ಹೋಗಿ ಬೇವಿನ ನೆರಳಿನಲ್ಲಿದ್ದ ರತ್ನಾಬಾಯಿಯ ಪಕ್ಕ ಕೂತಳು.

"ರತ್ನಾ, ಆ ಡಬ್ಬಿ ತೆಗೀಬೇಕಂತ."

ರತ್ನಾಬಾಯಿ ಬೇವಿನ ಎಲೆಯೊಂದನ್ನು ಎತ್ತಿ ಮಡಚಿದಳು. ಆಮೇಲೆ, "ತೆಗೀರಿ ಅಕ್ಕಾ," ಅಂದಳು. "ನನಗ ಮೊದಲಿಂದ ಅಂಜಿಕಿ. ನೀವು ಒಳಗ ಒಲಿ ಮುಂದ ಕೂತು ಕೂಗಿದ್ರೂ ಅದಕ್ಕ ಕೇಳಸ್ತದ. ಅಂದ್ರ ಕರೀಲಾರದಾಗೂ ಕಿವಿ ತಕ್ಕೊಂಡಽ ಇರ್ತದಲ್ಲ? ಅದಕ್ಕ ನಾ ಒಳಗ ಮಾತಾಡಂಗಿಲ್ಲ."

"ಇಷ್ಟು ವರ್ಷ ಅದಕ್ಕ ಸುಮ್ಮನಿದ್ದೇನು ನೀ?"

"ಹ್ಞೂಂ."

"ನನಗೊಂದ್ ಮಾತು ಹೇಳಬಾರದಾ?"

"ನಿಮಗ ಭಾಳ ಸೇರಿತ್ತಲ್ರಿ ಅದು," ಅಂದಳು ರತ್ನಾಬಾಯಿ.

ಸುಂದ್ರಮ್ಮ ಎದ್ದು ಒಳಗೆ ಹೋದಳು. ಡಬ್ಬಿಯ ಎದುರು ನಿಂತು ಏನಾದರೂ ಹೇಳಬೇಕೆಂದುಕೊಂಡಳು. ಬಾಗಿ ವೈರು ಕಿತ್ತಳು. ಊಟದ ಕೋಣೆ ಒಮ್ಮೆಲೇ ದೊಡ್ಡದಾದಂತಾಯಿತು. ಕಣ್ಣು ಒದ್ದೆಯಾಗಿದ್ದಕ್ಕೆ ತನ್ನ ಮೇಲೆ ತಾನೇ ಸಿಟ್ಟಾಗಿ ಈರುಳ್ಳಿ ಹೆಚ್ಚಲು ಕೂತಳು.

ಸೊಹೇಲ್ ಡಬ್ಬಿಯನ್ನು ಅಂಗಡಿಗೆ ಒಯ್ದು, ಒಳಗಿದ್ದದ್ದನ್ನೆಲ್ಲ ಅಳಿಸಿ ತಂದುಕೊಟ್ಟ. ಅದಕ್ಕೀಗ ಆಡಲೂ ಬಾರದು, ಕೇಳಲೂ ಬಾರದು. ಕಸಕ್ಕೆ ಹಾಕಬಾರದಂತೆ, ಎಲ್ಲಿಗೆ ಕೊಡಬೇಕೋ ಊರಲ್ಲಿ ಯಾರಿಗೂ ಗೊತ್ತಿಲ್ಲ. ಬಸವೇಶ್ವರಿ ಅದನ್ನು ಆಫೀಸಿನ ಕಪಾಟಿನಲ್ಲಿ ಇಟ್ಟುಬಿಟ್ಟರು. ಹೊಸದು ಕೊಳ್ಳಲೆಂದು ಯಾದಗಿರಿಯ ಎರಡು ಅಂಗಡಿ ತಿರುಗಿ, ಇದನ್ನು ಎಷ್ಟು ವರ್ಷ ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ಒಂದು ವರ್ಷ ವಾರಂಟಿ ಎಂದರು ಎರಡೂ ಕಡೆ. ಬರಿಗೈಯಲ್ಲಿ ವಾಪಸು ಬಂದರು.

ಮೊದಲ ಕೆಲವು ದಿನ ಸುಂದ್ರಮ್ಮನಿಗೆ ಮಧ್ಯಾಹ್ನ ಕಳೆಯುವುದೇ ಕಷ್ಟವಾಯಿತು. ಫೋನಿನಲ್ಲಿ ಅದೇ ಸದ್ದು ಹಾಕಿಕೊಡುತ್ತೇವೆ ಎಂದು ಹುಡುಗಿಯರು ಮುಂದೆ ಬಂದರು. ಬೇಡವೆಂದಳು. ತಾನು ಕೇಳಬೇಕು, ಅದು ಒಂದು ಉಸಿರು ಸುಮ್ಮನಿರಬೇಕು, ಆಮೇಲೆ ಬರಬೇಕು. ಆಕೆಗೆ ಆ ನಡುವಿನ ಸುಮ್ಮನಿರುವಿಕೆಯೂ ಬೇಕಿತ್ತು.

ರತ್ನಾಬಾಯಿ ಒಳಗೆ ಬರತೊಡಗಿದಳು. ಮೊದಲು ಬಾಗಿಲ ಹತ್ತಿರ, ಆಮೇಲೆ ಕಲ್ಲಿನ ಮೇಲೆ ಸುಂದ್ರಮ್ಮನ ಪಕ್ಕದಲ್ಲೇ. ಆಕೆಗೆ ಮಾತು ಇತ್ತು, ಬೇಕಾದಷ್ಟು ಇತ್ತು. ತಾಂಡಾದ ಮದುವೆಗಳು, ಕಳೆದುಹೋದ ಮೇಕೆ, ಅತ್ತೆಯ ಕಾಟ. ಒಂದು ದಿನ ಹೀಗೆ ಏನೋ ಹೇಳುತ್ತ, "ನಮ್ಮ ದೊಡ್ಡ ಮಗಳು ಹುಟ್ಟಿದ್ದು ಗೋವಾದಾಗ ರೀ, ಅಲ್ಲೇ ಸಮುದ್ರದ ದಂಡೀಗೆ," ಅಂದಳು.

ಸುಂದ್ರಮ್ಮ ಎದ್ದು ಕೂತಳು. "ನೀ ಸಮುದ್ರ ನೋಡಿಯೇನು?"

"ಹಂಗಂದ್ರ? ಐದಾರು ವರ್ಷ ಅಲ್ಲೇ ದುಡದೀವಿ. ದೊಡ್ಡ ಹೋಟೆಲ್ ಕಟ್ಟೋ ಕೆಲಸ. ನಾ ಬುಟ್ಟಿ ಹೊರತಿದ್ನಿ."

"ಮತ್ತ ಡಬ್ಬ್ಯಾಗ ಬರತಿದ್ದ ಸಪ್ಪಳ ಹಂಗಽ ಇತ್ತೇನು?"

ರತ್ನಾಬಾಯಿ ನಕ್ಕಳು. "ಗಿಡದ ತನಕ ಕೇಳಸ್ತಿತ್ತು. ಅದು ಭಾಳ ಚೊಕ್ಕಟಿತ್ತು ಅಕ್ಕಾ. ಖರೇ ಸಮುದ್ರಕ್ಕ ವಾಸನಿ ಇರ್ತದ. ಒಣಮೀನ, ಡೀಸೆಲ್ಲು. ಗಾಳಿ ಕೂದಲಿಗೆ ಅಂಟ್ಕೋತದ, ಎಷ್ಟು ತೊಳದ್ರೂ ಹೋಗಂಗಿಲ್ಲ. ಮತ್ತ ನಾಯಿ ಒದರ್ತಿರ್ತಾವ."

"ಎಷ್ಟು ದೊಡ್ಡದದ? ನೋಡಿದ್ರ ಏನನ್ನಸ್ತದ?"

ರತ್ನಾಬಾಯಿ ಯೋಚಿಸಿದಳು. ಪ್ರಾಮಾಣಿಕವಾಗಿ ಯೋಚಿಸಿದಳು. "ಗೊತ್ತಿಲ್ರಿ. ಅದು ನಮ್ಮ ಬೆನ್ನ ಹಿಂದ ಇರತಿತ್ತು. ನಾವು ಕಟ್ಟಡದ ಕಡಿ ಮುಖ ಮಾಡಿ ನಡೀತಿದ್ವಿ. ಕೂಸಿಗೆ ಹಾಲು ಕುಡಸಾಕ ಕೂತಾಗ ಒಂದಿಷ್ಟು ನೋಡತಿದ್ನಿ. ಆಮ್ಯಾಲ ಮೇಸ್ತ್ರಿ ಕರೀತಿದ್ದ."

"ಹಾಲು ಕುಡಸುವಾಗ ಏನ್ ಕಂಡಿ, ಅದಽ ಹೇಳು," ಅಂದು ಸುಂದ್ರಮ್ಮ ಮತ್ತೆ ಮಲಗಿಕೊಂಡಳು.

ರತ್ನಾಬಾಯಿ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಶುರು ಮಾಡಿದಳು. ನೀರು ಬೆಳಿಗ್ಗೆ ಒಂದು ಬಣ್ಣ, ಸಂಜೆಗೆ ಒಂದು. ದೂರದ ಹಡಗು ಹೋಗುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ. ತೆರೆಯ ಸದ್ದು ಕಿವಿಗೆ ಬಿದ್ದರೆ ಕೂಸು ಹಾಲು ಬಿಟ್ಟು ತಿರುಗಿ ನೋಡುತ್ತಿತ್ತು. ಕೇಳುತ್ತ ಕೇಳುತ್ತ ಸುಂದ್ರಮ್ಮನ ಕಣ್ಣು ಮುಚ್ಚಿದವು. ಉದ್ದನೆಯ ದಂಡೆಯೊಂದು ಕಂಡಿತು. ಅದರ ಮೇಲೆ ಹರೆಯದ ಹೆಂಗಸೊಬ್ಬಳು ತಲೆಯ ಮೇಲೆ ಬುಟ್ಟಿ, ಸೊಂಟದಲ್ಲಿ ಕೂಸು ಇಟ್ಟುಕೊಂಡು ಬೆನ್ನು ತಿರುಗಿಸಿ ನಡೆದು ಹೋಗುತ್ತಿದ್ದಳು. ಏ ರತ್ನಾ, ನಿಲ್ಲು, ಬುಟ್ಟಿ ಇಳಿಸು ಎಂದು ಸುಂದ್ರಮ್ಮ ಕೂಗಿದಳು. ಆ ಹೆಂಗಸು ಬುಟ್ಟಿ ಇಳಿಸಿ, ಬೆವರು ಒರೆಸಿಕೊಂಡು, ನಿಧಾನವಾಗಿ ನೀರಿನ ಕಡೆ ತಿರುಗಿದಳು.